ರಕ್ತ ಎಷ್ಟು ಬೇಕೆಂದು ಮೂತ್ರಪಿಂಡಕ್ಕೆ ಗೊತ್ತು

(ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನೀವು ಡಾಕ್ಟರಾದ ಕಥೆ ಹೇಳಿ, ಮಕ್ಕಳಿಗೆ ಸ್ಫೂರ್ತಿ ಆಗುತ್ತದೆ" ಅಂದರು. ನನ್ನ ಕಥೆಯಲ್ಲಿ ಅಂಥದ್ದೇನೂ ಇಲ್ಲ. ಬದಲಿಗೆ ಒಂದು ಪಾಠ ಮಾಡುತ್ತೇನೆ, ಅರ್ಧ ಗಂಟೆ ಕೊಡಿ ಅಂದೆ. ನಾನು ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾ ವಿಜ್ಞಾನ ಪಾಠ ಮಾಡುವವಳು. ಪಾಠ ಮಾಡುವುದೊಂದೇ ನನಗೆ ಸರಿಯಾಗಿ ಬರುವ ಕೆಲಸ.

ನಾವು ಓದುವಾಗ ವಿಜ್ಞಾನದ ಪುಸ್ತಕದಲ್ಲಿ ರಕ್ತ ಒಂದು ಪಾಠ, ವಿಸರ್ಜನೆ ಇನ್ನೊಂದು ಪಾಠ. ರಕ್ತದ ಪಾಠದಲ್ಲಿ ಕೆಂಪು ಕಣ ಮೂಳೆಯ ಮಜ್ಜೆಯಲ್ಲಿ ಹುಟ್ಟುತ್ತದೆ ಎಂದಿತ್ತು. ವಿಸರ್ಜನೆಯ ಪಾಠದಲ್ಲಿ ಮೂತ್ರಪಿಂಡ ರಕ್ತವನ್ನು ಸೋಸಿ ಕೊಳೆ ಹೊರಹಾಕುತ್ತದೆ ಎಂದಿತ್ತು. ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಹುರುಳಿಕಾಯಿ ಬೀಜದಂಥ ಚಿತ್ರ ಬರೆಸಿ, ಭಾಗಗಳನ್ನು ಗುರುತಿಸಿ ಐದು ಅಂಕ ತಗೊಳ್ಳಿ ಅನ್ನುತ್ತಿದ್ದರು. ತಗೊಂಡೆವು. ಆದರೆ ಈ ಎರಡು ಪಾಠಗಳ ನಡುವೆ ಒಂದು ಬಾಗಿಲಿದೆ. ಮೂಳೆಯ ಮಜ್ಜೆ ದಿನಕ್ಕೆ ಎಷ್ಟು ಕೆಂಪು ಕಣ ಮಾಡಬೇಕು ಎಂಬ ಹುಕುಂ ಹೊರಡುವುದು ಮೂತ್ರಪಿಂಡದಿಂದ. ಸೋಸುವ ಅಂಗವೇ ಲೆಕ್ಕ ಇಡುವ ಅಂಗವೂ ಹೌದು. ಇವತ್ತು ನಾನು ಮಾತಾಡುವುದು ಆ ಹುಕುಂ ಬಗ್ಗೆ. ನಮ್ಮೂರಲ್ಲಿ "ರಕ್ತ ಕಮ್ಮಿ ಆಗದೆ" ಎಂಬ ಮಾತು ಕೇಳದ ಮನೆ ಇಲ್ಲವಾದ್ದರಿಂದ ಇದು ಬರೀ ಪರೀಕ್ಷೆಯ ಪಾಠ ಅಲ್ಲ.

ಮೊದಲು ಲೆಕ್ಕ. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ. ಅದರಲ್ಲಿ ಹತ್ತಿರಹತ್ತಿರ 25 ಲಕ್ಷ ಕೋಟಿ ಕೆಂಪು ಕಣಗಳು. ಒಂದೊಂದು ಕಣದ ಆಯಸ್ಸು ಸುಮಾರು 120 ದಿನ. ಹಾಗಾಗಿ ದಿನಾ ಸುಮಾರು 20 ಸಾವಿರ ಕೋಟಿ ಹಳೆಯ ಕಣ ಸಾಯುತ್ತವೆ, ಅಷ್ಟೇ ಹೊಸವು ಹುಟ್ಟಬೇಕು. ನಾನು ಈ ಒಂದು ವಾಕ್ಯ ಮುಗಿಸುವುದರೊಳಗೆ ನಿಮ್ಮ ಮೂಳೆಯೊಳಗೆ ಕೋಟಿ ಕಣ ಹುಟ್ಟಿಬಿಟ್ಟಿವೆ. ಹೆಚ್ಚು ಹುಟ್ಟಿದರೆ ರಕ್ತ ಗಟ್ಟಿಯಾಗಿ ನಾಳದಲ್ಲಿ ಹೆಪ್ಪುಗಟ್ಟುವ ಅಪಾಯ. ಕಡಿಮೆ ಹುಟ್ಟಿದರೆ ಉಸಿರಿನ ಗಾಳಿಯಲ್ಲಿರುವ ಆಮ್ಲಜನಕ ಮೈಗೆ ತಲುಪದೆ ಸುಸ್ತು. ಯಾರೋ ಅಳೆಯಬೇಕು, ಯಾರೋ ಹೇಳಬೇಕು.

ಯಾರು ಎಂಬುದನ್ನು ಕಂಡುಹಿಡಿಯಲು ಬಹಳ ವರ್ಷ ಹಿಡಿಯಿತು. 1890ರಲ್ಲಿ ಫ್ರಾನ್ಸಿನ ವಿಯೋ ಎಂಬ ವಿಜ್ಞಾನಿ ಪೆರು ದೇಶದ ಮೊರೊಕೋಚಾ ಎಂಬ ಗಣಿ ಊರಿಗೆ ಹೋದರು. ಸಮುದ್ರ ಮಟ್ಟದಿಂದ ನಾಲ್ಕು ಸಾವಿರ ಮೀಟರಿಗೂ ಎತ್ತರ, ಗಾಳಿ ತೆಳು. ಅವರು ತಮ್ಮದೇ ರಕ್ತದ ಕಣ ಎಣಿಸಿಕೊಂಡರು. ಒಂದು ಘನ ಮಿಲಿಮೀಟರಿಗೆ 50 ಲಕ್ಷ ಇದ್ದದ್ದು ಮೂರು ವಾರದಲ್ಲಿ 70 ಲಕ್ಷ ದಾಟಿತ್ತು. (ಅದರಲ್ಲಿ ಒಂದು ಪಾಲು ರಕ್ತದಲ್ಲಿನ ನೀರು ಕಡಿಮೆಯಾದದ್ದರಿಂದ ಎಂದು ಈಗ ಗೊತ್ತು. ಆದರೂ ಏರಿದ್ದು ನಿಜ.) ನಮ್ಮ ಶಾಲೆಯಲ್ಲಿ ಓದಿ ಸೈನ್ಯ ಸೇರಿದವರು ಇಲ್ಲಿ ಕೂತಿದ್ದಾರೆ. ಲಡಾಖಿನಲ್ಲಿ ಇದ್ದು ಬಂದವರಿಗೆ ಮೊದಲ ವಾರದ ಏದುಸಿರು, ಆಮೇಲೆ ನಿಧಾನಕ್ಕೆ ಮೈ ಹೊಂದಿಕೊಂಡದ್ದು ನೆನಪಿರುತ್ತದೆ. ಆ ಹೊಂದಾಣಿಕೆಯಲ್ಲಿ ಇದೂ ಒಂದು.

1906ರಲ್ಲಿ ಪ್ಯಾರಿಸ್ಸಿನಲ್ಲಿ ಕಾರ್ನೋ ಎಂಬುವರೂ ಅವರ ಜೊತೆ ದೆಫ್ಲಾಂದ್ರ್ ಎಂಬ ಮಹಿಳೆಯೂ ಒಂದು ಮೊಲದ ರಕ್ತ ತೆಗೆದು, ಅದು ರಕ್ತಹೀನವಾದ ಮೇಲೆ ಅದರ ರಕ್ತದ ತಿಳಿಯನ್ನು ಆರೋಗ್ಯವಾಗಿರುವ ಮೊಲಕ್ಕೆ ಚುಚ್ಚಿದರು. ಅದರಲ್ಲಿ ಕಣ ಹೆಚ್ಚಾಯಿತು, ರಕ್ತದಲ್ಲಿ ಏನೋ ಒಂದು ಸಂದೇಶದ ವಸ್ತು ಹರಿಯುತ್ತಿದೆ ಎಂದರು. ಬೇರೆಯವರು ಮಾಡಿ ನೋಡಿದಾಗ ಸರಿಯಾಗಿ ಬರಲಿಲ್ಲ, ಜನ ನಂಬಲಿಲ್ಲ. 1953ರಲ್ಲಿ ಅಮೆರಿಕದಲ್ಲಿ ಅಲನ್ ಅರ್ಸ್ಲೆವ್ ಎಂಬುವರು ಹೆಚ್ಚು ಪ್ರಮಾಣದಲ್ಲಿ ಚುಚ್ಚಿ ನೋಡಿದ ಮೇಲೆ ಅನುಮಾನ ಕಳೆಯಿತು. ಆ ವಸ್ತುವಿಗೆ ಎರಿತ್ರೋಪೊಯೆಟಿನ್ ಎಂದು ಹೆಸರು. ಕೆಂಪನ್ನು ಹುಟ್ಟಿಸುವುದು ಎಂದು ಅರ್ಥ. ಉದ್ದ ಹೆಸರು, ಆಸ್ಪತ್ರೆಯಲ್ಲಿ ಎಲ್ಲರೂ ಎಪೋ ಅನ್ನುತ್ತಾರೆ, ನಾವೂ ಎಪೋ ಅನ್ನೋಣ.

ಎಲ್ಲಿಂದ ಬರುತ್ತದೆ ಎಂಬುದು 1957ರಲ್ಲಿ ಗೊತ್ತಾಯಿತು. ಷಿಕಾಗೋದಲ್ಲಿ ಜೇಕಬ್‌ಸನ್, ಗೋಲ್ಡ್‌ವಾಸರ್ ಮತ್ತು ಜೊತೆಯವರು ಇಲಿಗಳಲ್ಲಿ ಒಂದೊಂದೇ ಅಂಗ ತೆಗೆದು ನೋಡಿದರು. ಬೇರೆ ಯಾವ ಅಂಗ ತೆಗೆದರೂ ಎಪೋ ಬರುತ್ತಲೇ ಇತ್ತು. ಎರಡೂ ಮೂತ್ರಪಿಂಡ ತೆಗೆದರೆ ನಿಂತುಹೋಯಿತು. ಮಕ್ಕಳೇ, ಇಲ್ಲಿ ಒಂದು ಪ್ರಶ್ನೆ ಕೇಳಬೇಕು ನೀವು. ಮೂತ್ರಪಿಂಡ ತೆಗೆದರೆ ಮೈಯಲ್ಲಿ ಕೊಳೆ ತುಂಬಿಕೊಳ್ಳುತ್ತದಲ್ಲ, ಆ ವಿಷದಿಂದ ನಿಂತಿರಬಹುದಲ್ಲವೇ? ಅದಕ್ಕೇ ಅವರು ಇನ್ನೊಂದಷ್ಟು ಇಲಿಗಳಲ್ಲಿ ಮೂತ್ರಪಿಂಡ ಬಿಟ್ಟು, ಮೂತ್ರನಾಳ ಮಾತ್ರ ಕಟ್ಟಿದರು. ಅಲ್ಲೂ ಕೊಳೆ ತುಂಬಿತು. ಆದರೆ ಎಪೋ ಬಂತು. ಒಳ್ಳೆಯ ಪ್ರಯೋಗ ಎಂದರೆ ಹೀಗಿರಬೇಕು. ಎದುರು ಕೂತವರ ಪ್ರಶ್ನೆಗೆ ಮೊದಲೇ ಉತ್ತರ ಇಟ್ಟುಕೊಂಡಿರಬೇಕು.

ಈಗ ನನಗೆ ತುಂಬ ಇಷ್ಟವಾದ ಪ್ರಶ್ನೆಗೆ ಬರುತ್ತೇನೆ. ಮೂತ್ರಪಿಂಡವೇ ಏಕೆ? ಆಮ್ಲಜನಕ ಬೇಕಿರುವುದು ಮಿದುಳಿಗೆ, ಹೃದಯಕ್ಕೆ, ಗುದ್ದಲಿ ಹಿಡಿಯುವ ತೋಳಿಗೆ. ಅಳತೆಗಾರನನ್ನು ಅಲ್ಲೆಲ್ಲೂ ಕೂರಿಸದೆ ಸೊಂಟದ ಹಿಂದೆ ಕೂರಿಸಿದ್ದು ಯಾಕೆ?

ನಮ್ಮೂರ ಹಾಲಿನ ಡೇರಿಗೆ ಬನ್ನಿ. ಬೆಳಿಗ್ಗೆ ಕ್ಯಾನು ಹಿಡಿದು ಹೋದರೆ ಅಲ್ಲಿ ಎರಡು ಅಳತೆ. ಒಂದು ಎಷ್ಟು ಲೀಟರ್. ಇನ್ನೊಂದು ಫ್ಯಾಟ್ ಎಷ್ಟು. ಎರಡು ಲೀಟರ್ ಹಾಕಿದರೂ ಹತ್ತು ಲೀಟರ್ ಹಾಕಿದರೂ ಅದೇ ಹಸುವಿನ ಹಾಲಿಗೆ ಅದೇ ಫ್ಯಾಟು. ನೀರು ಬೆರೆಸಿದರೆ ಮಾತ್ರ ಇಳಿಯುತ್ತದೆ. (ನಗಬೇಡಿ, ಯಾರ ಹೆಸರೂ ಹೇಳಲಿಲ್ಲ ನಾನು.) ರಕ್ತದ ವಿಷಯದಲ್ಲೂ ಎರಡು ಅಳತೆ ಬೇಕು. ಎಷ್ಟು ರಕ್ತ ಹರಿದು ಬಂತು ಎಂಬುದು ಲೀಟರಿನ ಲೆಕ್ಕ. ಒಂದೊಂದು ಸೌಟು ರಕ್ತದಲ್ಲಿ ಎಷ್ಟು ಆಮ್ಲಜನಕ ಇದೆ ಎಂಬುದು ಫ್ಯಾಟಿನ ಲೆಕ್ಕ. ಕೆಂಪು ಕಣ ಎಷ್ಟು ಬೇಕು ಎಂದು ತೀರ್ಮಾನಿಸಲು ಬೇಕಾದ್ದು ಎರಡನೆಯದು.

ತೋಳಿನ ಸ್ನಾಯುವಿನಲ್ಲಿ ಅಳತೆ ಇಟ್ಟರೆ ಏನಾಗುತ್ತದೆ ನೋಡಿ. ಕಬ್ಬು ಕಡಿಯುವಾಗ ಅದು ಆಮ್ಲಜನಕವನ್ನು ಬಾಚಿ ಖರ್ಚು ಮಾಡುತ್ತದೆ, ಕೊನೆಗೆ ಉಳಿಯುವುದು ಕಡಿಮೆ. ಮಲಗಿದಾಗ ಖರ್ಚಿಲ್ಲ, ಉಳಿಯುವುದು ಹೆಚ್ಚು. ಅಲ್ಲಿ ಉಳಿಕೆ ನೋಡಿ ರಕ್ತದ ಗುಣ ಹೇಳಲು ಬರುವುದಿಲ್ಲ, ಆ ಮನುಷ್ಯ ದುಡಿದನೋ ಮಲಗಿದನೋ ಎಂದಷ್ಟೇ ಹೇಳಬಹುದು.

ಮೂತ್ರಪಿಂಡ ಹಾಗಲ್ಲ. ಎರಡೂ ಸೇರಿ 300 ಗ್ರಾಂ ಆಸುಪಾಸು, ಮೈತೂಕದ ನೂರಕ್ಕೆ ಅರ್ಧದಷ್ಟು. ಆದರೆ ಹೃದಯ ಹೊರಹಾಕುವ ರಕ್ತದಲ್ಲಿ ಹತ್ತಿರಹತ್ತಿರ ಐದನೇ ಒಂದು ಪಾಲು ಅಲ್ಲಿಗೆ ಹೋಗುತ್ತದೆ. ನಿಮಿಷಕ್ಕೆ ಒಂದು ಲೀಟರಿಗೂ ಮೇಲೆ. ಬಂದ ರಕ್ತವನ್ನು ಸೋಸುತ್ತದೆ. ಸೋಸಿದ ನೀರಿನಲ್ಲಿ ಉಪ್ಪು ಹೋಗಿರುತ್ತದಲ್ಲ, ಅದರಲ್ಲಿ ಹೆಚ್ಚು ಪಾಲನ್ನು ಮತ್ತೆ ಎಳೆದುಕೊಳ್ಳುತ್ತದೆ. ಮೂತ್ರಪಿಂಡ ಆಮ್ಲಜನಕ ಖರ್ಚು ಮಾಡುವುದು ಬಹುಪಾಲು ಈ ಉಪ್ಪನ್ನು ವಾಪಸು ಎಳೆಯುವ ಕೂಲಿಗೆ. ಹೆಚ್ಚು ರಕ್ತ ಬಂದರೆ ಹೆಚ್ಚು ಸೋಸಬೇಕು, ಹೆಚ್ಚು ಉಪ್ಪು ಎಳೆಯಬೇಕು, ಖರ್ಚೂ ಹೆಚ್ಚು. ಕಡಿಮೆ ಬಂದರೆ ಖರ್ಚೂ ಕಡಿಮೆ. ಆದಾಯ ಮತ್ತು ಖರ್ಚು ಒಂದೇ ಹಗ್ಗಕ್ಕೆ ಕಟ್ಟಿದ ಎತ್ತುಗಳ ಹಾಗೆ ಜೊತೆಗೇ ನಡೆಯುತ್ತವೆ. ಅದರಿಂದ ಉಳಿಕೆ ಹೆಚ್ಚೂಕಡಿಮೆ ಸ್ಥಿರ. ಆ ಉಳಿಕೆ ಇಳಿಯಬೇಕಾದರೆ ರಕ್ತದಲ್ಲೇ ಆಮ್ಲಜನಕ ಕಡಿಮೆಯಿರಬೇಕು, ಅಂದರೆ ಕೆಂಪು ಕಣ ಕಡಿಮೆಯಾಗಿರಬೇಕು, ಇಲ್ಲವೇ ಗಾಳಿ ತೆಳುವಾಗಿರಬೇಕು. ಫ್ಯಾಟು ನೋಡಲು ಇಡೀ ಮೈಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಇನ್ನೂ ಒಂದು ಅನುಕೂಲ, ರಕ್ತದಲ್ಲಿ ನೀರೆಷ್ಟಿರಬೇಕು ಎಂಬುದೂ ಮೂತ್ರಪಿಂಡದ ಕೈಲೇ ಇದೆ. ನೀರೂ ಕಣವೂ ಒಂದೇ ಯಜಮಾನನ ಕೈಲಿದ್ದರೆ ರಕ್ತದ ಹದ ಕೆಡುವುದಿಲ್ಲ.

ಈ ಅಳತೆಯ ಕೆಲಸ ಮಾಡುವುದು ಮೂತ್ರ ತಯಾರಿಸುವ ಕೋಶಗಳಲ್ಲ. ಸಣ್ಣ ಸಣ್ಣ ಮೂತ್ರನಾಳಿಕೆಗಳು ಒತ್ತೊತ್ತಾಗಿವೆ, ಅವುಗಳ ನಡುವೆ ಕೂದಲಿಗಿಂತ ತೆಳುವಾದ ರಕ್ತನಾಳಗಳಿವೆ. ಈ ಎರಡರ ಸಂದಿಯಲ್ಲಿ, ಗದ್ದೆಗಳ ನಡುವಿನ ಬದುವಿನ ಮೇಲೆ ಕೂತಂತೆ, ಕೆಲವು ಕೋಶಗಳಿವೆ. ಎಪೋ ಮಾಡುವವರು ಇವರೇ ಎಂದು 1988ರಲ್ಲಿ ಗೊತ್ತಾಯಿತು. ಇವರು ಎಪೋವನ್ನು ಮೂಟೆ ಕಟ್ಟಿ ಇಟ್ಟುಕೊಂಡಿರುವುದಿಲ್ಲ. ಬೇಕಾದಾಗ ಮಾಡುತ್ತಾರೆ, ಮಾಡಿದ್ದನ್ನು ಆಗಲೇ ರಕ್ತಕ್ಕೆ ಬಿಡುತ್ತಾರೆ. ಮಾಮೂಲಿ ದಿನಗಳಲ್ಲಿ ಕೆಲವೇ ಕೋಶ ಕೆಲಸದಲ್ಲಿರುತ್ತವೆ. ರಕ್ತ ಕಡಿಮೆಯಾಗುತ್ತಾ ಹೋದಂತೆ ಪಕ್ಕದವರು ಏಳುತ್ತಾರೆ, ಅವರ ಪಕ್ಕದವರು ಏಳುತ್ತಾರೆ. ಇದ್ದವರೇ ಹೆಚ್ಚು ದುಡಿಯುವುದಕ್ಕಿಂತ ಆಳುಗಳ ಸಂಖ್ಯೆಯೇ ಹೆಚ್ಚುತ್ತದೆ, ನಾಟಿ ಹೊತ್ತಿನಲ್ಲಿ ಮುಯ್ಯಾಳು ಸೇರಿದ ಹಾಗೆ. ತೀರಾ ರಕ್ತಹೀನತೆಯಲ್ಲಿ ಎಪೋ ಮಾಮೂಲಿಗಿಂತ ನೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಏರುತ್ತದೆ.

ಕೋಶದೊಳಗೆ ಈ ಅಳತೆ ಹೇಗೆ ನಡೆಯುತ್ತದೆ ಎಂದು ಬಿಡಿಸಿದ್ದಕ್ಕೆ 2019ರಲ್ಲಿ ಮೂವರಿಗೆ ನೊಬೆಲ್ ಬಂತು. ಅಮೆರಿಕದ ಗ್ರೆಗ್ ಸೆಮೆನ್ಜಾ, ಇಂಗ್ಲೆಂಡಿನ ಪೀಟರ್ ರ‍್ಯಾಟ್‌ಕ್ಲಿಫ್, ಅಮೆರಿಕದವರೇ ಆದ ವಿಲಿಯಂ ಕೇಲಿನ್. ರ‍್ಯಾಟ್‌ಕ್ಲಿಫ್ ಮೂತ್ರಪಿಂಡದ ವೈದ್ಯರು. ಕೇಲಿನ್ ಕ್ಯಾನ್ಸರ್ ನೋಡುತ್ತಿದ್ದವರು. ಬೇರೆ ಬೇರೆ ದಾರಿಯಲ್ಲಿ ಹೊರಟು ಒಂದೇ ಕಟ್ಟೆಗೆ ಬಂದು ಸೇರಿದರು. ಅವರು ಕಂಡದ್ದನ್ನು ಒಂದು ಕಚೇರಿಯ ಲೆಕ್ಕದಲ್ಲಿ ಹೇಳುತ್ತೇನೆ.

ಒಬ್ಬ ಗುಮಾಸ್ತ ಬಿಡದೆ ಒಂದೇ ಅರ್ಜಿ ಬರೆಯುತ್ತಾ ಕೂತಿದ್ದಾನೆ. "ಆಮ್ಲಜನಕ ಸಾಲದು, ಎಪೋ ತಯಾರಿಸಿ." ಈ ಅರ್ಜಿಯ ಹೆಸರು ಹಿಫ್, ಅದೊಂದು ಪ್ರೋಟೀನು. ಪಕ್ಕದಲ್ಲಿ ಇನ್ನೊಬ್ಬ ಕೂತು ಪ್ರತಿ ಅರ್ಜಿಗೂ "ಬೇಡ" ಎಂದು ಮೊಹರು ಒತ್ತುತ್ತಾನೆ. ಮೊಹರು ಬಿದ್ದ ಅರ್ಜಿ ಕೆಲವೇ ನಿಮಿಷದಲ್ಲಿ ಚೂರುಚೂರು. ಮೊಹರಿಗೆ ಬೇಕಾದ ಶಾಯಿ ಯಾವುದು ಗೊತ್ತೇ? ಆಮ್ಲಜನಕವೇ. ಆಮ್ಲಜನಕ ಇರುವವರೆಗೆ ಮೊಹರು ಬೀಳುತ್ತಲೇ ಇರುತ್ತದೆ, ಯಾವ ಅರ್ಜಿಯೂ ಮುಂದೆ ಹೋಗುವುದಿಲ್ಲ. ಆಮ್ಲಜನಕ ಕಡಿಮೆಯಾದರೆ ಶಾಯಿ ಇಲ್ಲ, ಮೊಹರು ಬೀಳುವುದಿಲ್ಲ. ಅರ್ಜಿ ಉಳಿದು, ಸಾಹೇಬರ ಕೋಣೆಗೆ ಅಂದರೆ ಕೋಶದ ಕೇಂದ್ರಕ್ಕೆ ಹೋಗಿ, ಎಪೋ ವಂಶವಾಹಿಯನ್ನು ಎಬ್ಬಿಸುತ್ತದೆ.

ಇದು ದಂಡದ ಕೆಲಸ ಅನ್ನಿಸುತ್ತದೆ. ದಿನವಿಡೀ ಬರೆದು ಹರಿದುಹಾಕುವುದಕ್ಕಿಂತ ಬೇಕಾದಾಗ ಬರೆದರೆ ಸಾಲದೇ? ನನ್ನ ವಿದ್ಯಾರ್ಥಿಗಳೂ ಕೇಳುತ್ತಾರೆ. ಬೇಕಾದಾಗ ಹೊಸದಾಗಿ ಬರೆಯಲು ಕೂತರೆ ತಡವಾಗುತ್ತದೆ. ಬರೆದಿದ್ದನ್ನು ಹರಿಯದೆ ಬಿಟ್ಟರೆ ಆ ಕ್ಷಣವೇ ಕೆಲಸ ಶುರು. ಇಷ್ಟು ಬೇಗ ಏಳುವ ವ್ಯವಸ್ಥೆಗೆ ಇಷ್ಟು ಖರ್ಚು ನ್ಯಾಯವೇ ಅನ್ನಬೇಕು.

ಹೀಗೆ ಹೊರಟ ಎಪೋ ಮೂಳೆಯ ಮಜ್ಜೆ ತಲುಪಿ ಏನು ಮಾಡುತ್ತದೆ? ಭತ್ತದ ಒಟ್ಟಲು ಬಿಟ್ಟಿರುತ್ತೀರಿ, ಬೇಕಾದ್ದಕ್ಕಿಂತ ಹೆಚ್ಚೇ ಬೀಜ ಚೆಲ್ಲಿರುತ್ತೀರಿ. ನೀರು ಸಿಕ್ಕಷ್ಟು ಪೈರು ಉಳಿಯುತ್ತದೆ, ಉಳಿದದ್ದು ಒಣಗುತ್ತದೆ. ಮಜ್ಜೆಯಲ್ಲೂ ಕೆಂಪು ಕಣವಾಗಬಹುದಾದ ಎಳೆಯ ಕೋಶಗಳು ಬೇಕಾದ್ದಕ್ಕಿಂತ ಹೆಚ್ಚೇ ಹುಟ್ಟುತ್ತವೆ. ಎಪೋ ಸಿಕ್ಕವು ಬದುಕುತ್ತವೆ, ಸಿಗದವು ಸಾಯುತ್ತವೆ. ಎಪೋ ಏರಲು ಕೆಲವು ಗಂಟೆ ಸಾಕು. ಎಳೆಯ ಕಣಗಳು ರಕ್ತಕ್ಕೆ ಬರಲು ಮೂರು ನಾಲ್ಕು ದಿನ ಬೇಕು. ಹಿಮೋಗ್ಲೋಬಿನ್ ಕಣ್ಣಿಗೆ ಕಾಣುವಷ್ಟು ಏರಲು ವಾರಗಳೇ ಬೇಕು. "ನಿನ್ನೆ ಸೂಜಿ ಹಾಕಿಸಿದೆ, ಇವತ್ತು ರಕ್ತ ಹೆಚ್ಚಾಯ್ತಾ" ಎಂದು ಕೇಳುವವರಿಗೆ ಇದೇ ಉತ್ತರ.

ಒಂದು ಮಾತು ಬೀಡಿ ಸೇದುವವರಿಗೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಕೆಂಪು ಕಣದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ತಾನು ಕೂತುಬಿಡುತ್ತದೆ. ಮೂತ್ರಪಿಂಡಕ್ಕೆ ಆಮ್ಲಜನಕ ಕಡಿಮೆ ಕಾಣುತ್ತದೆ, ಅದು ಪಾಪ ನಿಯತ್ತಾಗಿ ಇನ್ನಷ್ಟು ಕಣ ಮಾಡಿ ಎಂದು ಕಳಿಸುತ್ತದೆ. ರಕ್ತ ಗಟ್ಟಿಯಾಗುತ್ತದೆ. "ನನಗೆ ಹಿಮೋಗ್ಲೋಬಿನ್ ಹದಿನೆಂಟು" ಎಂದು ಹೆಮ್ಮೆಯಿಂದ ಹೇಳುವ ಬೀಡಿ ಯಜಮಾನರಿದ್ದಾರೆ. ಅದು ಹೆಮ್ಮೆಯ ವಿಷಯ ಅಲ್ಲ.

ಇನ್ನು ನಮ್ಮ ಮನೆಯದೊಂದು ವಿಷಯ. 1996ನೇ ಇಸವಿ, ನಾನು ಆಗ ವೈದ್ಯಕೀಯ ಓದುತ್ತಿದ್ದೆ. ನಮ್ಮ ದೊಡ್ಡಪ್ಪನನ್ನು ಇಲ್ಲಿ ಹಲವರು ನೋಡಿದ್ದೀರಿ. ನಾಲೆ ಬದಿಯ ಗದ್ದೆಯಲ್ಲಿ ಒಂಟಿಯಾಗಿ ಇಬ್ಬರ ಕೆಲಸ ಮಾಡುತ್ತಿದ್ದ ಆಳು. ಮಂಡಿನೋವಿಗೆ ವರ್ಷಗಟ್ಟಲೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತಿದ್ದರು. ಬಿಪಿ ಮಾತ್ರೆಯನ್ನು, ಚೆನ್ನಾಗೇ ಇದ್ದೀನಲ್ಲ ಎಂದು, ಯಾವತ್ತೋ ಬಿಟ್ಟಿದ್ದರು. ಆ ವರ್ಷ ಜಗಲಿಯ ಮೂರು ಮೆಟ್ಟಿಲು ಹತ್ತಿ ಕೂತುಬಿಡುವಂತಾದರು. ಮುಖ ಬಿಳಿಚಿಕೊಂಡಿತು. ನಾನು ರಜೆಗೆ ಬಂದಾಗ ಕೇಳಿದರೆ, "ಏನಿಲ್ಲ ಕನವ್ವ, ವಸಿ ರಕ್ತ ಕಮ್ಮಿ ಆಗದಂತೆ" ಅಂದರು. ಕಿಟಕಿಯಲ್ಲಿ ಟಾನಿಕ್ಕಿನ ಬಾಟಲಿಗಳ ಸಾಲು. ದಿನಾ ದಾಳಿಂಬೆ, ಬೀಟ್‌ರೂಟ್ ರಸ, ವಾರಕ್ಕೊಮ್ಮೆ ಕಾಲು ಸೂಪು. ಒಂದು ಕಡೆ ಕಬ್ಬಿಣಾಂಶದ ಚುಚ್ಚುಮದ್ದನ್ನೂ ಹಾಕಿದ್ದರು. ಏರಲಿಲ್ಲ. ಕೊನೆಗೆ ದೊಡ್ಡ ಊರಿನಲ್ಲಿ ಒಬ್ಬ ವೈದ್ಯರು ಪಾದದ ಊತವನ್ನು ಬೆರಳಲ್ಲಿ ಒತ್ತಿ ನೋಡಿ ಒಂದು ಪರೀಕ್ಷೆ ಬರೆದರು, ಕ್ರಿಯಾಟಿನಿನ್. ಒಂದರ ಆಸುಪಾಸು ಇರಬೇಕಾದದ್ದು ಒಂಬತ್ತು ದಾಟಿತ್ತು. ಹಿಮೋಗ್ಲೋಬಿನ್ 5.8. ಎರಡೂ ಮೂತ್ರಪಿಂಡ ಹೋಗಿದ್ದವು.

ಟಾನಿಕ್ಕು ಯಾಕೆ ಕೆಲಸ ಮಾಡಲಿಲ್ಲ ಎಂದು ಈಗ ನಿಮಗೇ ಗೊತ್ತಾಗುತ್ತದೆ. ಕಬ್ಬಿಣಾಂಶ ಎಂದರೆ ಇಟ್ಟಿಗೆ. ಮನೆ ಕಟ್ಟಿ ಎಂದು ಹೇಳುವವನೇ ಇಲ್ಲದಿದ್ದರೆ ಇಟ್ಟಿಗೆ ರಾಶಿ ಹಾಗೇ ಬಿದ್ದಿರುತ್ತದೆ. ಮೂತ್ರಪಿಂಡ ಕಾಯಿಲೆ ಬಿದ್ದು ಒಳಗೆ ಗಾಯದ ಕಲೆ ಕಟ್ಟುತ್ತಾ ಹೋದಂತೆ ಆ ಬದುವಿನ ಮೇಲಿನ ಕೋಶಗಳು ತಮ್ಮ ಕಸುಬು ಬಿಟ್ಟು ಕಲೆ ಕಟ್ಟುವ ಕೋಶಗಳಾಗಿ ಬದಲಾಗುತ್ತವೆ. ಅದರ ಜೊತೆಗೆ, ಸೋಸುವ ಕೆಲಸ ಕಡಿಮೆಯಾದ್ದರಿಂದ ಆಮ್ಲಜನಕದ ಖರ್ಚೂ ಕಡಿಮೆ. ಉಳಿಕೆ ಸಾಕಷ್ಟಿದೆ ಎಂದೇ ಕಾಣುತ್ತದೆ. ಮೈಯೆಲ್ಲ ರಕ್ತವಿಲ್ಲದೆ ಬಿಳಿಚಿಕೊಂಡಿದ್ದರೂ ಅಳತೆಗಾರ ಎಲ್ಲ ಸರಿ ಇದೆ ಎಂದು ಸುಮ್ಮನೆ ಕೂತಿರುತ್ತಾನೆ.

ದೊಡ್ಡಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಶುರುವಾಯಿತು. ಯಂತ್ರ ಕೊಳೆ ತೆಗೆಯುತ್ತದೆ, ಎಪೋ ಮಾಡುವುದಿಲ್ಲ. ಅದನ್ನು ಚುಚ್ಚುಮದ್ದಾಗಿ ಹೊರಗಿನಿಂದ ಕೊಡಬೇಕು. ಆಗ ಅದು ಹೊರದೇಶದಿಂದ ಬರುತ್ತಿತ್ತು, ಭತ್ತ ಮಾರಿದ ದುಡ್ಡು ಮೂಟೆ ಲೆಕ್ಕದಲ್ಲಿ ಹೋಗುತ್ತಿತ್ತು. ಎರಡು ತಿಂಗಳಾಗುವ ಹೊತ್ತಿಗೆ ಹಿಮೋಗ್ಲೋಬಿನ್ ಒಂಬತ್ತೂವರೆ. ಕೋಲೂರಿಕೊಂಡು ನಾಲೆಯವರೆಗೆ ನಡೆದು ಹೋಗಿ ನೀರು ನೋಡಿ ಬಂದರು. ಮೂತ್ರಪಿಂಡ ವಾಪಸು ಬರಲಿಲ್ಲ. ಮೂರು ವರ್ಷದ ಮೇಲೆ ಬದುಕಿದ್ದರು, ಆ ಮೂರು ವರ್ಷ ಜಗಲಿಯಲ್ಲಿ ಮಲಗಿ ಕಳೆಯಲಿಲ್ಲ.

ಆ ಚುಚ್ಚುಮದ್ದಿನ ಹಿಂದಿನ ಕೆಲಸ ಕೇಳಿದರೆ ಆಶ್ಚರ್ಯವಾಗುತ್ತದೆ. ಷಿಕಾಗೋದ ಗೋಲ್ಡ್‌ವಾಸರ್ ಅವರಿಗೆ ಎಪೋವನ್ನು ಶುದ್ಧವಾಗಿ ಬೇರ್ಪಡಿಸುವ ಕೆಲಸ ಕೊಟ್ಟಾಗ ಕೆಲವು ತಿಂಗಳಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದರಂತೆ. ಇಪ್ಪತ್ತು ವರ್ಷದ ಮೇಲಾಯಿತು. ರಕ್ತದಲ್ಲಿ ಅದು ಇರುವುದೇ ಅಷ್ಟು ಸ್ವಲ್ಪ. ಕೊನೆಗೆ ಜಪಾನಿನ ಕುಮಾಮೊಟೊ ಊರಿನಿಂದ ತಕಾಜಿ ಮಿಯಾಕೆ ಎಂಬ ವೈದ್ಯವಿಜ್ಞಾನಿ ನೆರವಾದರು. ಮಜ್ಜೆಯೇ ಬತ್ತಿಹೋಗುವ ಒಂದು ರಕ್ತಹೀನತೆ ಇದೆ. ಆ ರೋಗಿಗಳ ಮೂತ್ರಪಿಂಡ ಚೆನ್ನಾಗಿರುತ್ತದೆ, ಅದು ಕೂಗುತ್ತಲೇ ಇರುತ್ತದೆ, ಕೇಳುವ ಮಜ್ಜೆ ಇಲ್ಲ. ಎಪೋ ತುಂಬಿ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಮಿಯಾಕೆ ಅಂಥ ರೋಗಿಗಳ ಮೂತ್ರವನ್ನು ಹನಿಹನಿ ಸೇರಿಸಿ, 2550 ಲೀಟರನ್ನು ಬತ್ತಿಸಿ, ಪುಡಿಯನ್ನು ಷಿಕಾಗೋಗೆ ಒಯ್ದರು. 1977ರಲ್ಲಿ ಅದರಿಂದ ಸಿಕ್ಕ ಶುದ್ಧ ಎಪೋ ಸುಮಾರು ಎಂಟು ಮಿಲಿಗ್ರಾಂ. ಒಂದು ಚಿಟಿಕೆಯೂ ಅಲ್ಲ. ಆ ಚೂರನ್ನು ಆಧಾರವಾಗಿಟ್ಟುಕೊಂಡು ತೈವಾನ್ ಮೂಲದ ಫು-ಕ್ವೆನ್ ಲಿನ್ 1983ರಲ್ಲಿ ಅಮೆರಿಕದ ಒಂದು ಕಂಪನಿಯಲ್ಲಿ ಎಪೋ ವಂಶವಾಹಿಯನ್ನು ಹಿಡಿದರು. ಆಮೇಲೆ ಕಾರ್ಖಾನೆಯಲ್ಲಿ ಕೋಶ ಬೆಳೆಸಿ ಎಷ್ಟು ಬೇಕಾದರೂ ತಯಾರಿಸಬಹುದಾಯಿತು. 1989ರಲ್ಲಿ ಅಮೆರಿಕದಲ್ಲಿ ಔಷಧವೆಂದು ಒಪ್ಪಿಗೆ ಸಿಕ್ಕಿತು. ನಮ್ಮ ದೊಡ್ಡಪ್ಪ ನಾಲೆಯವರೆಗೆ ನಡೆದದ್ದರಲ್ಲಿ ಹೆಸರು ಗೊತ್ತಿಲ್ಲದ ಆ ಜಪಾನಿ ರೋಗಿಗಳ ಪಾಲೂ ಇದೆ ಎಂದು ನಾನು ತರಗತಿಯಲ್ಲಿ ಹೇಳುತ್ತಿರುತ್ತೇನೆ.

ಈಗ ಎಪೋ ನಮ್ಮ ದೇಶದಲ್ಲೇ ತಯಾರಾಗುತ್ತದೆ, ಬೆಲೆ ಬಹಳ ಇಳಿದಿದೆ. 2016ರಿಂದ ಬಡವರಿಗೆ ಉಚಿತ ಡಯಾಲಿಸಿಸ್ಸಿನ ರಾಷ್ಟ್ರೀಯ ಕಾರ್ಯಕ್ರಮವೂ ಇದೆ. ಹಿಫ್‌ಗೆ ಮೊಹರು ಬೀಳದಂತೆ ತಡೆಯುವ ಮಾತ್ರೆಗಳೂ ಬಂದಿವೆ. ಅಂಥದೊಂದು, ಡೆಸಿಡುಸ್ಟಾಟ್ ಎಂಬುದು, 2022ರಲ್ಲಿ ಭಾರತದಲ್ಲಿ ಒಪ್ಪಿಗೆ ಪಡೆಯಿತು. ಮೂತ್ರಪಿಂಡ ಪೂರ್ತಿ ಹೋದವರಲ್ಲೂ ಇಂಥ ಮಾತ್ರೆ ಕೊಟ್ಟರೆ ಎಪೋ ಸ್ವಲ್ಪ ಏರುತ್ತದೆ. ಅಂದರೆ ಆ ಕೋಶಗಳು ಎಲ್ಲವೂ ಸತ್ತಿಲ್ಲ, ಕೆಲವು ಮಲಗಿವೆ. ಇದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಹಾಗೆಂದು ಎಪೋ ಹೆಚ್ಚು ಕೊಟ್ಟಷ್ಟೂ ಒಳ್ಳೆಯದಲ್ಲ. ಮೂತ್ರಪಿಂಡದ ರೋಗಿಗಳಿಗೆ ಹಿಮೋಗ್ಲೋಬಿನ್ ಅನ್ನು ಹದಿಮೂರಕ್ಕೆ ಏರಿಸಿ ನೋಡಿದ ದೊಡ್ಡ ಅಧ್ಯಯನಗಳು 2006 ಮತ್ತು 2009ರಲ್ಲಿ ಬಂದವು. ಹೃದಯದ ತೊಂದರೆ, ಲಕ್ವ ಹೆಚ್ಚಾದದ್ದು ಕಂಡಿತು. ಅದಕ್ಕೇ ವೈದ್ಯರು ಹತ್ತು, ಹನ್ನೊಂದರ ಹತ್ತಿರ ನಿಲ್ಲಿಸುತ್ತಾರೆ. "ಪೂರ್ತಿ ಏರಿಸಿ ಸಾರ್" ಎಂದು ಜಗಳ ಮಾಡಬೇಡಿ. ಸೈಕಲ್ ಪಂದ್ಯದವರು ಇದನ್ನೇ ಕದ್ದು ಚುಚ್ಚಿಕೊಂಡದ್ದನ್ನು ನಮ್ಮ ಕ್ರೀಡಾಪಟು ಮಕ್ಕಳು ಕೇಳಿರಬಹುದು. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 2013ರಲ್ಲಿ ಟೀವಿಯಲ್ಲಿ ಒಪ್ಪಿಕೊಂಡ.

ಈಗ ತಾಯಂದಿರಿಗೆ. ರಕ್ತ ಕಡಿಮೆ ಅಂದ ತಕ್ಷಣ ಕಿಡ್ನಿ ಹೋಯಿತು ಎಂದು ಹೆದರಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಕಂಡಿದೆ. ಅದರಲ್ಲಿ ದೊಡ್ಡ ಪಾಲು ಕಬ್ಬಿಣಾಂಶದ ಕೊರತೆ. ಅಲ್ಲಿ ಮೂತ್ರಪಿಂಡ ಗಂಟಲು ಹರಿಯುವಂತೆ ಕೂಗುತ್ತಿದೆ, ಇಟ್ಟಿಗೆಯೇ ಇಲ್ಲ. ಅವರಿಗೆ ಕಬ್ಬಿಣದ ಮಾತ್ರೆಯೇ ಮದ್ದು. ಹೆಣ್ಣುಮಕ್ಕಳೇ, ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆ ಕಾಂಪೌಂಡಿನ ಆಚೆ ಬಿದ್ದಿರುವುದನ್ನು ನಿನ್ನೆ ಸಂಜೆ ನೋಡಿದೆ. ಅದು ಗೋಡೆಗಲ್ಲ, ನಿಮಗೆ.

ಆದರೆ ವಯಸ್ಸು ಐವತ್ತರ ಹತ್ತಿರ, ಸಕ್ಕರೆ ಕಾಯಿಲೆಯೋ ಬಿಪಿಯೋ ಇದೆ, ಅಥವಾ ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿದ್ದಾರೆ, ಅಂಥವರಲ್ಲಿ ರಕ್ತ ಕಡಿಮೆ ಕಂಡರೆ ಟಾನಿಕ್ ಕೊಳ್ಳುವ ಮೊದಲು ವೈದ್ಯರನ್ನು ಕೇಳಿ, "ಕ್ರಿಯಾಟಿನಿನ್ ನೋಡಿದ್ದೀರಾ? ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆಯಾ?" ಎಂದು. ಎರಡೂ ದುಬಾರಿ ಪರೀಕ್ಷೆಗಳಲ್ಲ. ಮೂತ್ರಪಿಂಡ ಅರ್ಧಕ್ಕಿಂತ ಹೆಚ್ಚು ಹೋಗುವವರೆಗೂ ನೋವಿಲ್ಲ, ಮೂತ್ರವೂ ಹೋಗುತ್ತಿರುತ್ತದೆ. ಹಲವರಲ್ಲಿ ಮೊದಲು ಕಾಣುವುದು ಈ ಬಿಳಿಚಿದ ಮುಖವೇ. ಆ ಹಂತದಲ್ಲಿ ಹಿಡಿದರೆ ಬಿಪಿ, ಸಕ್ಕರೆ ಹತೋಟಿಗೆ ತಂದು ಡಯಾಲಿಸಿಸ್ಸನ್ನು ವರ್ಷಗಟ್ಟಲೆ ಮುಂದೂಡಬಹುದು. ಇನ್ನೊಂದು, ಮೂತ್ರಪಿಂಡ ತೀರಾ ಕೆಟ್ಟವರಿಗೆ ರಕ್ತ ಬರಲಿ ಎಂದು ದಾಳಿಂಬೆ ರಸ, ಬೀಟ್‌ರೂಟ್ ರಸ, ಎಳನೀರು ಕುಡಿಸಬೇಡಿ. ಅದರಲ್ಲಿರುವ ಪೊಟ್ಯಾಸಿಯಂ ಹೊರಗೆ ಹೋಗದೆ ಹೃದಯವನ್ನೇ ನಿಲ್ಲಿಸಬಹುದು. ಪ್ರೀತಿಯಿಂದಲೇ ಕುಡಿಸುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ.

ನನ್ನ ಜೊತೆ ಕಾಲೇಜಿನಿಂದ ನಾಲ್ವರು ವಿದ್ಯಾರ್ಥಿಗಳು ಬಂದಿದ್ದಾರೆ. ಒಂಬತ್ತನೇ ತರಗತಿ ಕೊಠಡಿಯಲ್ಲಿ ಬಿಪಿ ನೋಡುವ ಯಂತ್ರ, ಸಕ್ಕರೆ ನೋಡುವ ಯಂತ್ರ, ಮೂತ್ರ ಪರೀಕ್ಷೆಯ ಪಟ್ಟಿ, ಹಿಮೋಗ್ಲೋಬಿನ್ ನೋಡುವ ಸಾಮಾನು ಎಲ್ಲ ಇಟ್ಟಿದ್ದೇವೆ. ಸಂಜೆ ಐದರವರೆಗೆ ಇರುತ್ತಾರೆ. ನೋವಿನ ಮಾತ್ರೆ ನುಂಗುವವರು ಆ ಮಾತ್ರೆಯ ಚೀಟಿಯನ್ನೂ ತನ್ನಿ. ಮೇಷ್ಟ್ರೇ, ಮೊದಲು ನೀವು ಬನ್ನಿ, ನೀವು ಕೂತರೆ ಉಳಿದವರೆಲ್ಲ ಹಿಂದೆ ಬರುತ್ತಾರೆ.